ಕಡವಿನ ಗಂಟೆ

"ನಲವತ್ತೆರಡು," ಎಂದು ಎಣಿಸಿ ಅಪ್ಪ ಗುಂಡಿ ಒತ್ತಿದ.

ಟಿವಿಯೊಳಗಿನ ಹೊಳೆದಂಡೆಯಲ್ಲಿ ನಿಂತಿದ್ದ ಅಂಚೆಯವನು ಕೈಯೆತ್ತಿ ಹಗ್ಗ ಎಳೆದ. ಕಂಬಕ್ಕೆ ತೂಗುಹಾಕಿದ್ದ ಗಂಟೆ ಢಣ್ ಎಂದಿತು. ಆ ಸದ್ದು ನೀರಿನ ಮೇಲೆ ಹಾಯುತ್ತ ಹೋಗಿ, ಬಿಳಿ ಮಂಜಿನೊಳಗೆ ಹೊಕ್ಕು, ಯಾವುದಕ್ಕೂ ತಾಗದೆ ಕರಗಿಹೋಯಿತು. ಅಪ್ಪ ಕುರ್ಚಿಯ ತುದಿಗೆ ಸರಿದು, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಪರದೆಯನ್ನು ಮೂಲೆಯಿಂದ ಮೂಲೆಗೆ ಹುಡುಕಿದ. ಈಗೀಗ ಅವನು ನೋಡುವುದೇ ಹಾಗೆ, ಕೊಳವೆಯೊಂದಕ್ಕೆ ಕಣ್ಣಿಟ್ಟು ಲೋಕವನ್ನು ತುಂಡು ತುಂಡಾಗಿ ನೋಡುವವನಂತೆ. ದೋಣಿ ಬರಲಿಲ್ಲ.

"ನಲವತ್ಮೂರು."

ಮಗಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾನುವಾರದ ಬಿಸಿಲು ಕಿಟಕಿಯಿಂದ ಇಳಿದು ಅಪ್ಪನ ಪಾದದವರೆಗೆ ಬಂದಿತ್ತು.

"ಅಪ್ಪ, ಟೀ ಆರಿಹೋಯ್ತು."

"ಆರ್ಲಿ ಬಿಡು. ನಡುವೆ ನಿಲ್ಲಿಸಿದ್ರೆ ಲೆಕ್ಕ ತಪ್ಪತ್ತೆ. ಏಳೇಳ್ಲಿ ನಲವತ್ತೊಂಬತ್ತು ಸಲ ಹೊಡೀಬೇಕಂತೆ. ನಮ್ಮ ಕಂಡಕ್ಟರ್ ಇದಾನಲ್ಲ, ಅವನ ಅಳಿಯ ಹೇಳಿದ್ನಂತೆ."

"ಏಳೇಳು ಜನ್ಮ ಹೊಡೀ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅತ್ತೆ ಎಂದರೆ ಅಪ್ಪನ ಅಕ್ಕ. ಮಗಳ ತಾಯಿ ತೀರಿಕೊಂಡ ವರ್ಷ ಒಂದು ಪೆಟ್ಟಿಗೆ ಹಿಡಿದು ಬಂದವಳು, ಪೆಟ್ಟಿಗೆ ಬಿಚ್ಚಿ ಇಲ್ಲೇ ಉಳಿದವಳು. "ಆ ದೋಣಿಯವನಿಗೆ ಕಿವಿ ಕೇಳ್ಸಲ್ಲ ಕಣೋ. ಬೆಳಗ್ಗೆಯಿಂದ ಢಣ್ ಢಣ್ ಅಂತ ನನ್ನ ತಲೆ ಚಿಟ್ಟು ಹಿಡಿಸಿದೀಯ, ಅವನಿಗೆ ಮಾತ್ರ ಸುಳಿವಿಲ್ಲ."

"ಅಕ್ಕಾ, ಸ್ವಲ್ಪ ಸುಮ್ಮನಿರು. ನಲವತ್ನಾಲ್ಕು."

ನಲವತ್ತೊಂಬತ್ತೂ ಆಯಿತು. ಗಂಟೆ ಕೊನೆಯ ಸಲ ತೂಗಾಡಿ ನಿಂತಿತು. ಅಂಚೆಯವನು ಹೆಗಲ ಚೀಲ ಸರಿಮಾಡಿಕೊಂಡು, ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿ, ನೀರು ನೋಡುತ್ತ ನಿಂತ. ಅಪ್ಪ ಬಹಳ ಹೊತ್ತು ಕಾದ. ಆಮೇಲೆ, ತಾನು 'ಸ್ಟೇರಿಂಗು' ಎಂದು ಕರೆಯುತ್ತಿದ್ದ ಆ ಗುಂಡಿಗಳ ಸಾಧನವನ್ನು ಮಡಿಲಿಗೆ ಇಳಿಸಿ, ಪಕ್ಕದಲ್ಲಿದ್ದ ನೋಟ್‌ಬುಕ್ಕಿಗಾಗಿ ತಡಕಿದ. ಬಸ್ಸಿನ ಟ್ರಿಪ್ಪುಗಳನ್ನು ಬರೆದಿಡುತ್ತಿದ್ದ ಹಳೆಯ ನೋಟ್‌ಬುಕ್ಕು. ಅದರ ಖಾಲಿ ಹಾಳೆಗಳಲ್ಲಿ ಈಗ ಗಂಟೆಯ ಲೆಕ್ಕವಿತ್ತು. 'ನಲವತ್ತೊಂಬತ್ತು, ಒಂದೇ ಸಮ. ಬರಲಿಲ್ಲ' ಎಂದು, ಸಾಲು ಸೊಟ್ಟಗಾದದ್ದು ತಿಳಿಯದೆ, ಹಿಂದಿನ ಸಾಲಿನ ಮೇಲೆಯೇ ಬರೆದ.

"ನನ್ನ ಕೈಯೇ ಸರಿಯಿಲ್ಲ," ಎಂದ. "ಮೂವತ್ತರ ಹತ್ರ ಒಂದ್ಸಲ ತಡ ಮಾಡ್ಬಿಟ್ಟೆ ಅನ್ಸತ್ತೆ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ದಾಟಿರ್ತಿದ್ರು."

ಮಗಳು ಟೀ ಲೋಟ ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದಳು. ದೋಣಿ ಬರುವುದಿಲ್ಲವೆಂದು ಈ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಆ ಮಂಜನ್ನು ಅಲ್ಲಿ ಹರಡಿದವಳು ಅವಳೇ.

ಅಪ್ಪ ಮೂವತ್ತೊಂದು ವರ್ಷ ಊರಿನ ಬಸ್ಸು ಓಡಿಸಿದವನು. ಮಾರುಕಟ್ಟೆಯಿಂದ ಹೊರಟು, ಆಸ್ಪತ್ರೆ, ಕಾಲೇಜು, ಗಿರಣಿ ದಾಟಿ, ನೀರಿನ ಟ್ಯಾಂಕಿನ ಹತ್ತಿರದ ಕೊನೆಯ ಸ್ಟಾಪು, ಒಂದೇ ದಾರಿ. ಆ ದಾರಿಯ ಗುಂಡಿಗಳೆಲ್ಲ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಒಂದು ದಿನ ಪಕ್ಕದ ಕನ್ನಡಿಯನ್ನು ದೀಪದ ಕಂಬಕ್ಕೆ ತಾಗಿಸಿಕೊಂಡು ಬಂದ. ಕಂಬ ಎಲ್ಲಿಂದ ಬಂತೋ ಕಾಣಲಿಲ್ಲ ಎಂದ. ಇನ್ನೊಂದು ದಿನ ಬಾಗಿಲ ಹತ್ತಿರ ನಿಂತಿದ್ದ ಹೆಂಗಸು ಕಾಣಲಿಲ್ಲ. ಡಿಪೋದ ಡಾಕ್ಟರು ಕಣ್ಣೊಳಗೆ ಒತ್ತಡ ಏರಿದೆ, ನೋಟ ಅಂಚಿನಿಂದ ಸುಟ್ಟುಕೊಂಡು ಬರುತ್ತಿದೆ ಎಂದರು. ಅಂದಿನಿಂದ ಅಪ್ಪ ಮನೆಯ ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿ, "ಇವನು ಗೇರು ತಡ ಮಾಡಿ ಹಾಕ್ತಾನೆ," ಎಂದು ಯಾರೋ ಕಾಣದ ಡ್ರೈವರನ್ನು ಬೈಯುವುದರಲ್ಲಿ ದಿನ ಕಳೆಯತೊಡಗಿದ.

ಮಗಳ ಕೆಲಸ ಗೇಮುಗಳೊಳಗೆ ದಾರಿ ಮಾಡುವುದು. ಕಂಪನಿಯಲ್ಲಿ ಒಬ್ಬರು ಗಿಡಮರ ಬರೆಯುತ್ತಾರೆ, ಒಬ್ಬರು ಮನುಷ್ಯರನ್ನು ನಡೆಸುತ್ತಾರೆ, ಒಬ್ಬ ಸದ್ದು ಮಾಡುತ್ತಾನೆ. ಆಡುವವನು ಎಲ್ಲಿ ತಿರುಗಬೇಕು, ಎಲ್ಲಿ ಏದುಸಿರು ಬಿಡಬೇಕು, ಎಲ್ಲಿ ಕೂತು ದಣಿವಾರಿಸಿಕೊಳ್ಳಬೇಕು ಎಂಬುದು ಇವಳ ಪಾಲು. ಅಪ್ಪ ಮೊದಮೊದಲು ನಕ್ಕಿದ್ದ. "ಬಸ್ಸೇ ಹೋಗದ ರಸ್ತೆ ಮಾಡಿ ಏನು ಬಂತೇ ಪುಟ್ಟಿ?" ಆದರೆ ಕಿಟಕಿಯ ಬೇಸರ ಹೆಚ್ಚಿದ ಮೇಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂರತೊಡಗಿದ. "ಈ ತಿರುವು ಇಷ್ಟು ಕಡಿದಾಗಿ ಬೇಡ, ಎದುರಿಂದ ಯಾರು ಬರ್ತಾರೆ ಗೊತ್ತಾಗಲ್ಲ." "ಇಷ್ಟುದ್ದ ಬಯಲು ಬಿಡಬೇಡ. ಅಲ್ಲೊಂದು ಮರ ನೆಡು, ನೆರಳು ರಸ್ತೆಗೆ ಬೀಳ್ಲಿ. ಇಲ್ಲಾಂದ್ರೆ ನಡೆಯೋನಿಗೆ ತೂಕಡಿಕೆ ಬರತ್ತೆ." ಅವಳು ನೆಟ್ಟಳು. ತಿರುವನ್ನು ಸಡಿಲ ಮಾಡಿದಳು. ನೋಡನೋಡುತ್ತ ಆ ಗೇಮಿನ ಹಾದಿಯಲ್ಲಿ ಅಪ್ಪನ ಮೂವತ್ತೊಂದು ವರ್ಷ ಸದ್ದಿಲ್ಲದೆ ಬಂದು ಸೇರಿಕೊಂಡಿತು.

ಗೇಮಿನ ಕಥೆ ಸಣ್ಣದು. ಕೆಲಸದ ಕೊನೆಯ ದಿನ ಒಬ್ಬ ಅಂಚೆಯವನ ಚೀಲದಲ್ಲಿ ಒಂದೇ ಒಂದು ಕಾಗದ ಉಳಿಯುತ್ತದೆ. ವಿಳಾಸ ದೊಡ್ಡ ಹೊಳೆಯಾಚೆಯದು. ನಾಳೆ ಬರುವವನು ಕೊಟ್ಟಾನು ಎಂದು ಬಿಟ್ಟುಬಿಡಬಹುದು, ಅವನು ಬಿಡುವುದಿಲ್ಲ. ಬೆಟ್ಟ, ಕಾಡು, ಬಿಕೋ ಎನ್ನುವ ಊರು, ಸಂತೆ, ಸುರಂಗ ದಾಟಿ ಹನ್ನೆರಡು ಅಧ್ಯಾಯ ನಡೆಯುತ್ತಾನೆ. ಹನ್ನೊಂದರ ಕೊನೆಗೆ ಹೊಳೆಯ ಕಡವು, ಅಂದರೆ ದೋಣಿ ಹತ್ತುವ ಜಾಗ. ಅಲ್ಲಿ ಗಂಟೆ ಹೊಡೆದರೆ ಆಚೆಯಿಂದ ದೋಣಿಯವನು ಬರುತ್ತಾನೆ. ಹನ್ನೆರಡರಲ್ಲಿ ಕಾಗದ ಮುಟ್ಟುತ್ತದೆ. ಅದು ಯಾರಿಗೆ, ಒಳಗೆ ಏನಿದೆ ಎಂಬುದು ಆಗಲೇ ತಿಳಿಯುವುದು.

ಗೇಮು ಅಂಗಡಿಗೆ ಬಂದ ದಿನ ಅಪ್ಪ ಕೋಲು ಹಿಡಿದು ಹೋಗಿ ಸಾಲಿನಲ್ಲಿ ನಿಂತು ಕೊಂಡುತಂದ. "ಆಫೀಸಿಂದ ನಾನೇ ತರ್ತಿದ್ನಲ್ಲಪ್ಪ," ಎಂದರೆ, "ನಿನ್ನ ಗಾಡಿ ಅಂತ ಟಿಕೆಟ್ ಇಲ್ದೆ ಹತ್ತಕ್ಕಾಗತ್ತಾ?" ಎಂದ. ಡಬ್ಬಿಯ ಮೇಲೆ ಹೊಳೆಯುವ ಅಕ್ಷರದಲ್ಲಿ 'ಸಂಪೂರ್ಣ ಪಯಣ, ಹನ್ನೆರಡು ಅಧ್ಯಾಯಗಳಲ್ಲಿ' ಎಂದಿತ್ತು. ಅದನ್ನು ಹಳೆಯ ಡಿಪೋಗೆ ಒಯ್ದು, ಡ್ರೈವರು, ಕಂಡಕ್ಟರು, ಪಂಕ್ಚರ್ ಹಾಕುವವನವರೆಗೆ ಎಲ್ಲರ ಕೈಗೂ ಕೊಟ್ಟು ಹಿಂದುಮುಂದು ತಿರುಗಿಸಿ ತೋರಿಸಿ ಬಂದ. ಆಡುವಾಗಲೂ ಬಸ್ಸಿನ ಬುದ್ಧಿ ಬಿಡಲಿಲ್ಲ. ಅಂಚೆಯವನನ್ನು ಸದಾ ಎಡಬದಿಯಲ್ಲೇ ನಡೆಸುತ್ತಿದ್ದ. ದಾರಿಯಲ್ಲಿ ಯಾರೇ ಸಿಕ್ಕರೂ ನಿಲ್ಲಿಸಿ ಮಾತಾಡಿಸುತ್ತಿದ್ದ. ಹಿಂದೆ ಯಾರೂ ಇಲ್ಲದಿದ್ದರೂ ತಿರುವಿನಲ್ಲಿ "ಹೋಲ್ಡಾನ್" ಎನ್ನುತ್ತಿದ್ದ. ಬೇರೆಯವರು ನಾಲ್ಕು ದಿನಕ್ಕೆ ಮುಗಿಸುವ ದಾರಿಯನ್ನು ಅವನು ಆರು ವಾರ ನಡೆದ. ನಡೆದು, ಕಡವಿಗೆ ಬಂದು ನಿಂತ.

ಕಡವಿನಾಚೆ ಏನೂ ಇರಲಿಲ್ಲ. ಕಂಪನಿ ದಿನ ಗೊತ್ತುಮಾಡಿ ಊರಿಗೆಲ್ಲ ಸಾರಿಬಿಟ್ಟಿತ್ತು. ಆ ದಿನಕ್ಕೆ ಇನ್ನೂ ಹದಿನೆಂಟು ದಿನವಿರುವಾಗ ಹನ್ನೆರಡನೆಯ ಅಧ್ಯಾಯವೆಂದರೆ ಗೋಡೆಗೆ ಅಂಟಿಸಿದ ನಾಲ್ಕು ಪೆನ್ಸಿಲ್ ಚಿತ್ರ, ಅಷ್ಟೆ. ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಿದ್ದ ಮುಖ್ಯಸ್ಥ ಅವಳ ಮೇಜಿನ ಪಕ್ಕ ಬಂದು, ಪೆನ್ಸಿಲಿನ ತುದಿ ಕಚ್ಚುತ್ತ, "ಆಚೆ ಮಂಜು ಹಾಕ್ಬಿಡಮ್ಮ," ಎಂದಿದ್ದ.

"ಮಂಜು ಹಾಕಿದ್ರೆ ದಡ ಬರತ್ತಾ ಸರ್?"

"ದಡ ಆಮೇಲೆ ಕಳಿಸೋಣ. ಮೊದಲು ಅಂಗಡಿಗೆ ಹೋಗ್ಲಿ. ಮುಗಿದಿಲ್ಲ ಅಂತ ಯಾರಿಗೆ ಗೊತ್ತಾಗತ್ತೆ? ನಾವು ಹೇಳಿದ್ರೆ ತಾನೆ?"

"ಗಂಟೆ? ಅದನ್ನಾದ್ರೂ ತೆಗೆದುಬಿಡ್ತೀನಿ."

ಅದೂ ಆಗಲಿಲ್ಲ. ಹನ್ನೊಂದನೆಯ ಅಧ್ಯಾಯ ಮುಗಿದಂತೆ ದಾಖಲಾಗುವ ಕೊಂಡಿಯನ್ನು ಹಿಂದೆ ಯಾರೋ ಆ ಗಂಟೆಗೇ ಕಟ್ಟಿದ್ದರು. ಗಂಟೆ ತೆಗೆದರೆ ಇಡೀ ಗೇಮು ಕಡವಿನಲ್ಲಿ ಕಲ್ಲಾಗಿ ನಿಲ್ಲುತ್ತಿತ್ತು. ಹಾಗಾಗಿ ಗಂಟೆ ಉಳಿಯಿತು, ಕರೆದರೆ ಬರುವವರು ಯಾರೂ ಇಲ್ಲದೆ. ಅವಳು ಒಂದು ಮಧ್ಯಾಹ್ನ ಕೂತು ಮಂಜು ಹರಡಿದಳು. ಚೆನ್ನಾಗಿಯೇ ಹರಡಿದಳು. ಒಮ್ಮೆ ತೆಳುವಾಗಿ, ಒಮ್ಮೆ ದಟ್ಟವಾಗಿ, ಆಚೆ ಏನೋ ಕಂಡೂ ಕಾಣದ ಹಾಗೆ. ಕೆಲಸ ಎಂದರೆ ಅವಳಿಗೆ ಕೈ ತಾನಾಗಿ ಓಡುತ್ತದೆ. ಮುಗಿಸಿ ಎದ್ದಾಗಲೇ ತಾನು ಮಾಡಿದ್ದು ಏನೆಂದು ತಿಳಿದದ್ದು. ಸಹೋದ್ಯೋಗಿಗಳು ಅವಳನ್ನು 'ಮಂಜಮ್ಮ' ಎಂದು ಛೇಡಿಸಿದರು. ಅವಳೂ ನಕ್ಕಳು.

ಕೊಂಡವರು ಸಿಟ್ಟಾಗುತ್ತಾರೆ, ಬೈಯುತ್ತಾರೆ, ಆಗ ಕ್ಯಾಪ್ಟನ್ ಒಪ್ಪಿಕೊಳ್ಳಲೇಬೇಕಾಗುತ್ತದೆ ಎಂದು ಅವಳು ಕಾದಳು. ಒಂದಿಷ್ಟು ಜನ ಬೈದರು ನಿಜ. ಆದರೆ ಬಹಳ ಜನಕ್ಕೆ ಆ ಮಂಜು ಒಂದು ಒಗಟಿನ ಹಾಗೆ ಕಂಡಿತು. ಇಷ್ಟು ಚೆಂದದ ಮಂಜನ್ನು ಯಾರಾದರೂ ಸುಮ್ಮನೆ ಹಾಕಿರುತ್ತಾರೆಯೇ? ಮೂರು ಸಲ ಹೊಡೆದು ಕೂತುಕೊಳ್ಳಬೇಕು ಎಂದು ಒಬ್ಬ. ಚೀಲ ನೆಲಕ್ಕಿಟ್ಟು ಹೊಡೆಯಬೇಕು ಎಂದು ಇನ್ನೊಬ್ಬ. ದಾರಿಯಲ್ಲಿ ಸಿಕ್ಕ ಕುರುಡಿಗೆ ನೀರು ಕೊಟ್ಟವರಿಗೆ ಮಾತ್ರ ದೋಣಿ ಬರುತ್ತದಂತೆ ಎಂದು ಮತ್ತೊಬ್ಬಳು; ಅವಳ ಗೆಳತಿಯ ಗೆಳತಿಗೆ ಬಂದಿತ್ತಂತೆ. ಕಂಪನಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಯಾರೂ ಬಾಯಿ ಬಿಡಕೂಡದೆಂದು ಎಲ್ಲರ ಹತ್ತಿರ ಸಹಿ ಹಾಕಿಸಿಕೊಂಡರು. ಆ ಮಾತುಗಳೆಲ್ಲ ಕಂಡಕ್ಟರನ ಅಳಿಯನ ಬಾಯಿಂದ ಕಂಡಕ್ಟರನಿಗೆ, ಕಂಡಕ್ಟರನಿಂದ ಅಪ್ಪನಿಗೆ ಬರುತ್ತಿದ್ದವು. ಅಪ್ಪ ಒಂದೊಂದನ್ನೂ ನೋಟ್‌ಬುಕ್ಕಿಗೆ ಏರಿಸಿ, ಒಂದೊಂದನ್ನೂ ಮಾಡಿ ನೋಡಿ, ಪಕ್ಕದಲ್ಲಿ 'ಬರಲಿಲ್ಲ' ಎಂದು ಬರೆಯುತ್ತಿದ್ದ.

ಮಗಳನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ. "ನೀನು ಹೇಳ್ಬೇಡ," ಎಂದು ಮೊದಲ ದಿನವೇ ಕೈ ಅಡ್ಡ ಹಿಡಿದಿದ್ದ. "ಪರೀಕ್ಷೆಲಿ ಕಾಪಿ ಹೊಡೆದ ಹಾಗಾಗತ್ತೆ."

ಆ ಗುರುವಾರ ಕಣ್ಣಿನ ಆಸ್ಪತ್ರೆಯಲ್ಲಿ ನೋಟದ ಪರೀಕ್ಷೆಯಿತ್ತು. ಕತ್ತಲು ಕೋಣೆಯಲ್ಲಿ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಬೇಕು. ಅಲ್ಲಿ ಇಲ್ಲಿ ಸಾಸಿವೆಯಷ್ಟು ಬೆಳಕು ಮಿನುಗುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಪ್ಪ ಅದನ್ನು ಸ್ಟೇರಿಂಗು ಹಿಡಿದ ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡ. ಟಕ್, ಟಕ್, ಟಕ್. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಯಂತ್ರ ನಿಲ್ಲಿಸಿದರು.

"ಯಜಮಾನ್ರೇ, ಬೆಳಕು ಕಂಡಾಗ ಮಾತ್ರ ಒತ್ತಿ. ನೀವು ಸುಮ್ಸುಮ್ನೆ ಒತ್ತುತಾ ಇದೀರಿ."

"ಬಂದಿತ್ತೇನೋ ಅಂತ ಒತ್ತಿದೆ ಡಾಕ್ಟ್ರೇ. ನನಗೆ ಕಾಣದೆ ಬಂದು ಹೋಗಿಬಿಟ್ರೆ?"

ಡಾಕ್ಟರಮ್ಮ ನಗಲಿಲ್ಲ. ಮತ್ತೆ ಮೊದಲಿಂದ ಮಾಡಿಸಿದರು. ಹೊರಬಂದ ಹಾಳೆಯಲ್ಲಿ ನೋಟದ ಚಿತ್ರ ಬಹುಪಾಲು ಕಪ್ಪಾಗಿತ್ತು, ನಡುವೆ ಒಂದು ನಾಣ್ಯದಷ್ಟು ಬೂದು ಉಳಿದಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಹಿಡಿದಿಟ್ಟುಕೊಳ್ಳಲು ನೋಡೋಣ, ಆದರೆ ಹೆಚ್ಚು ತಿಂಗಳ ಭರವಸೆ ಕೊಡಲಾರೆ ಎಂದರು. ಅಪ್ಪ ತಲೆದೂಗಿದ, ಬಸ್ಸು ಅರ್ಧ ಗಂಟೆ ತಡವೆಂದು ಕೇಳಿದವನಂತೆ.

ಹೊರಗೆ ಉದ್ದನೆಯ ಪಡಸಾಲೆಯ ಬೆಂಚಿನಲ್ಲಿ ಕೂತರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅಪ್ಪ ಕಪ್ಪು ಕನ್ನಡಕ ಹಾಕಿದ್ದ. ಎದುರಿನ ಗೋಡೆಯಲ್ಲಿ ದೊಡ್ಡ ಅಕ್ಷರ ಮೇಲೆ, ಚಿಕ್ಕ ಅಕ್ಷರ ಕೆಳಗೆ ಇರುವ ಹಲಗೆ ನೇತಾಡುತ್ತಿತ್ತು.

"ಇನ್ನೂ ಟೈಮಿದೆ," ಎಂದ ಅಪ್ಪ. "ಅಷ್ಟರೊಳಗೆ ಆ ಹೊಳೆ ಒಂದು ದಾಟಿಬಿಟ್ರೆ ಸಾಕು. ಆ ಕಾಗದ ಯಾರಿಗೆ ಅಂತ ನೋಡ್ಬಿಟ್ರೆ, ಆಮೇಲೆ ಏನಾದ್ರೂ ಆಗ್ಲಿ."

ಮಗಳಿಗೆ ಸಹಿ ಹಾಕಿದ ಕಾಗದ ನೆನಪಾಗಲಿಲ್ಲ. ಆ ಮಧ್ಯಾಹ್ನ ನೆನಪಾಯಿತು, ಮಂಜು ಹರಡಿ ಎದ್ದು ಕೈ ತೊಳೆದುಕೊಂಡು ಊಟಕ್ಕೆ ಹೋದದ್ದು.

"ಅಪ್ಪ, ಒಂದು ಮಾತು ಹೇಳ್ತೀನಿ. ಬೈಬೇಡ."

"ಹೇಳು."

"ದೋಣಿ ಬರಲ್ಲಪ್ಪ. ದೋಣೀನೇ ಇಲ್ಲ. ಆಚೆ ದಡಾನೂ ಇಲ್ಲ, ಏನೂ ಇಲ್ಲ. ಟೈಮಾಗ್ಲಿಲ್ಲ ಅಂತ ನಾವು ಮಾಡ್ಲೇ ಇಲ್ಲ. ಮಂಜು ಹಾಕಿ ಮುಚ್ಚಿದ್ವಿ. ಹಾಕಿದ್ದು ನಾನೇ."

ಅಪ್ಪನ ಭುಜ ಕುಲುಕಿತು. ಅವಳು ಗಾಬರಿಯಿಂದ ನೋಡಿದರೆ, ನಗುತ್ತಿದ್ದ.

"ನಾನೇನು ಎಳೇ ಮಗೂನಾ, ಹೀಗೆಲ್ಲ ಸಮಾಧಾನ ಮಾಡೋಕೆ? ಅಪ್ಪನ ಕೈಲಾಗಲ್ಲ ಅಂತ ಹೇಳೋದು ಬಿಟ್ಟು ದಡಾನೇ ಇಲ್ಲ ಅಂತೀಯಾ?"

"ಇಲ್ಲಪ್ಪ, ನಿಜವಾಗ್ಲೂ..."

"ಪುಟ್ಟೀ." ಅವನು ಗಾಳಿಯಲ್ಲಿ ಕೈ ಚಾಚಿ, ಅವಳ ಮೊಣಕಾಲು ಸಿಕ್ಕಿದಾಗ ತಟ್ಟಿದ. "ನಾನು ಆ ದಾರಿ ನಡೆದಿದೀನಿ. ಸುರಂಗದಲ್ಲಿ ನೀರು ತೊಟ್ಟಿಕ್ಕೋ ಕಡೆ ಕಲ್ಲು ಜಾರತ್ತೆ ಅಂತ ಪಾಚಿ ಬರೆಸಿದೀಯ. ಅಷ್ಟು ನೋಡಿ ಮಾಡೋಳು, ಕೊನೇ ಸ್ಟಾಪೇ ಇಲ್ಲದ ಗಾಡಿ ಬಿಡ್ತೀಯಾ? ಡಬ್ಬಿ ಮೇಲೆ ಹನ್ನೆರಡು ಅಂತ ಬೋರ್ಡು ಬರೆದು ಹನ್ನೊಂದಕ್ಕೆ ಜನರನ್ನ ಇಳಿಸ್ತೀಯಾ? ಇನ್ನೊಂದ್ಸಲ ಹಾಗೆ ಹೇಳ್ಬೇಡ. ಮಾಡಿದ ಕೆಲಸಕ್ಕೆ ಅವಮಾನ."

ಹೆಸರು ಕೂಗಿದರು. ಯಾರೋ ಎದ್ದು ಹೋದರು. ಅವಳು ಇನ್ನೊಮ್ಮೆ ಬಾಯಿ ತೆರೆದಳು. ಕಪ್ಪು ಗಾಜಿನ ಹಿಂದೆ ಅಪ್ಪನ ಮುಖ ಎಷ್ಟು ನಿಶ್ಚಿಂತೆಯಾಗಿತ್ತೆಂದರೆ, ಮಾತು ಬಾಯಿಗೆ ಬಂದದ್ದು ಹಾಗೇ ಒಳಗೆ ಇಳಿಯಿತು.

ಮಾರನೆಯ ದಿನ ಕ್ಯಾಪ್ಟನ್ನನ ಕೋಣೆಗೆ ಹೋದಳು. ಅವನ ಗೋಡೆಯ ಮೇಲೆ ಆಗಲೇ ಬೇರೆ ಗೇಮಿನ ಚಿತ್ರಗಳಿದ್ದವು: ಕುದುರೆಗಳು, ಕೋಟೆ, ಹೊಗೆ.

"ಹನ್ನೆರಡನೇದು ಯಾವಾಗ ಸರ್?"

"ಅದು ಸತ್ತುಹೋಯ್ತಮ್ಮ." ಕ್ಯಾಪ್ಟನ್ ಕೆಟ್ಟವನೇನಲ್ಲ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಬೆರಳಿನ ಉಗುರೆಲ್ಲ ಕಚ್ಚಿಕೊಂಡಿದ್ದ. "ಮೇಲಿನವರು ಕುದುರೆ ಬೇಕು ಅಂತಿದಾರೆ. ಜನರನ್ನೆಲ್ಲ ಆ ಕಡೆ ಹಾಕಿಯಾಯ್ತು. ನೀನೂ ಸೋಮವಾರದಿಂದ ಕೋಟೆಗೆ ದಾರಿ ಮಾಡ್ಬೇಕು."

"ನಾವು ಹನ್ನೆರಡು ಅಂತ ಹೇಳಿ ಮಾರಿದೀವಿ."

"ಹೌದು. ಏನ್ಮಾಡ್ಲಿ ಹೇಳು? ನೋಡು, ಜನ ಗಂಟೆ ಹೊಡ್ಕೊಂಡು ಖುಷಿಯಾಗಿದಾರೆ. ಅವರವರೇ ಒಂದೊಂದು ಕೊನೆ ಕಟ್ಕೋತಿದಾರೆ. ನಾವು ಮಾಡೋದಕ್ಕಿಂತ ಅದೇ ಚೆನ್ನಾಗಿರತ್ತೆ."

"ಖುಷಿಯಾಗಿಲ್ಲ ಸರ್. ಒಬ್ರಂತೂ ಇಲ್ಲ."

"ಯಾರು?"

"ಒಬ್ರು ಗಿರಾಕಿ," ಎಂದು ಅವಳು ಹೊರಗೆ ಬಂದಳು.

ಅಂದಿನಿಂದ ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದ ಮೇಲೆ ತಾನೊಬ್ಬಳೇ ಕೂತು ಆಚೆ ದಡ ಮಾಡತೊಡಗಿದಳು. ದಾರಿ ಅವಳಿಗೆ ಬರುತ್ತದೆ. ನೀರಿನಿಂದ ಮೇಲಕ್ಕೆ ಹನ್ನೊಂದು ಮೆಟ್ಟಿಲು ಇಟ್ಟಳು. ಒಂದು ತಿರುವು, ಒಂದು ತಗ್ಗು ಗೋಡೆ. ಮನೆ ಕಟ್ಟಲು ಹೋದರೆ ಸೂರು ಒಂದು ಕಡೆ ವಾಲುತ್ತಿತ್ತು. ದೋಣಿಯವನನ್ನು ಮಾಡಲು ಹೋದರೆ ಅವನ ಕೈ ಭುಜಕ್ಕೆ ಅಂಟದೆ ಹುಟ್ಟಿನ ಜೊತೆ ನೀರಿಗೆ ಬಿದ್ದು ತೇಲಿಹೋಗುತ್ತಿತ್ತು. ಹತ್ತು ಜನ ಒಂದು ವರ್ಷ ಮಾಡುವ ಕೆಲಸ. ದಿನಕ್ಕೆ ಮುಕ್ಕಾಲು ಗಂಟೆಯಲ್ಲಿ ಅವಳು ಅದರ ಬೆನ್ನು ಹತ್ತಿದ್ದಳು, ಅಪ್ಪನ ಕಣ್ಣು ಅವಳನ್ನು ಹಿಂದೆ ಹಾಕಿ ಓಡುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಟೀಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದ. ಮೇಜಿನಿಂದ ಇಳಿದು ತೊಡೆ ಸುಟ್ಟ ಮೇಲೆಯೇ ತಿಳಿದದ್ದು. ಅತ್ತೆ ಎಂದಿನಂತೆ ಏನೋ ಅನ್ನಲು ಹೊರಟವಳು ತಟ್ಟನೆ ಬಾಯಿ ಮುಚ್ಚಿ, ಬಟ್ಟೆ ತಂದು ಒರೆಸಿದಳು. ಇನ್ನೆರಡು ವಾರಕ್ಕೆ, ನಡು ಹಗಲಿನಲ್ಲಿ, "ಅಕ್ಕಾ, ಲೈಟ್ ಹಾಕಿದೀಯಾ?" ಎಂದು ಕೇಳಿದ. ಬಿಸಿಲು ಅವನ ಮುಖದ ಮೇಲೆಯೇ ಬಿದ್ದಿತ್ತು.

ಅಂದಿನಿಂದ ಸ್ಟೇರಿಂಗು ಮುಟ್ಟಲಿಲ್ಲ. ಕಂಡಕ್ಟರ್ ಫೋನ್ ಮಾಡಿ ಹೊಸದೊಂದು ಉಪಾಯ ಹೇಳಿದಾಗಲೂ, "ಬೇರೆ ಯಾರಿಗಾದ್ರೂ ಹೇಳಪ್ಪ," ಎಂದ. ಕಿಟಕಿಯ ಹತ್ತಿರ ಕೂತಿದ್ದ. ಬಸ್ಸಿನ ಡ್ರೈವರನ್ನೂ ಬೈಯಲಿಲ್ಲ.

ಕಂಪನಿಯಲ್ಲಿ ಸದ್ದು ಮಾಡುವವನನ್ನು ಎಲ್ಲರೂ ಸದ್ದಪ್ಪ ಎಂದು ಕರೆಯುತ್ತಿದ್ದರು. ಮೆತ್ತೆ ಹೊಡೆದ ಗೋಡೆಗಳ ಕೋಣೆಯಲ್ಲಿ ಹಳೆಯ ಬಾಗಿಲು, ಒಣಗಿದ ಎಲೆಗಳ ಮೂಟೆ, ನೀರು ತುಂಬಿದ ತೊಟ್ಟಿ, ಮುರಿದ ಕುರ್ಚಿಗಳ ನಡುವೆ ಇರುತ್ತಿದ್ದ. ಒಂದು ಮಧ್ಯಾಹ್ನ ಅವಳು ತನ್ನ ಮೇಜಿನಲ್ಲಿ ಮುಖ ಮುಚ್ಚಿಕೊಂಡು ಕೂತದ್ದನ್ನು ನೋಡಿ ಟೀ ತಂದಿಟ್ಟ. ಅವಳು ಎಲ್ಲವನ್ನೂ ಹೇಳಿಕೊಂಡಳು. ಅವನು ಹೊಟ್ಟೆ ಕೆರೆದುಕೊಳ್ಳುತ್ತ ಕೇಳಿದ.

"ದೋಣಿ ಇಲ್ಲ ನಿಜ," ಎಂದ ಕೊನೆಗೆ. "ದೋಣಿ ಸದ್ದು ಇದೆ ಕಣೇ."

"ಏನು?"

"ಮೊದಲ ತಿಂಗಳೇ ಮಾಡಿಟ್ಟಿದ್ದೆ. ಯಾರೂ ಕೇಳ್ಲಿಲ್ಲ, ನಾನೂ ಕೊಡ್ಲಿಲ್ಲ."

ಕೋಣೆಗೆ ಕರೆದೊಯ್ದು ಕಿವಿಗೆ ಹಾಕಿಸಿದ. ಅವಳು ಕಣ್ಣು ಮುಚ್ಚಿದಳು. ಬಹಳ ದೂರದಿಂದ ಮರದ ಹುಟ್ಟು ನೀರು ಸೀಳುವ ಸದ್ದು. ಎಳೆತ, ನಿಲುಗಡೆ, ಎಳೆತ. ಹತ್ತಿರವಾದಂತೆ ಹಲಗೆಯ ಕಿರಕಿರ, ಹುಟ್ಟಿನಿಂದ ತೊಟ್ಟಿಕ್ಕುವ ಹನಿ, ಮುದುಕನೊಬ್ಬನ ಕೆಮ್ಮು. ಕೊನೆಗೆ ದೋಣಿಯ ಮೂತಿ ಕಡವಿನ ಕಟ್ಟೆಗೆ ಮೆತ್ತಗೆ ತಾಗಿದ ಸದ್ದು.

"ಅದು ಸ್ನಾನದ ತೊಟ್ಟಿ, ಸೌಟು, ನಮ್ಮಜ್ಜನ ಕುರ್ಚಿ," ಎಂದ ಸದ್ದಪ್ಪ. "ಕೆಮ್ಮು ನನ್ನದೇ. ನೆಗಡಿ ಹಿಡಿದಿತ್ತು."

ಆ ಸದ್ದನ್ನು ಅವಳು ಮನೆಯ ಗೇಮಿನ ಗಂಟೆಗೆ ಜೋಡಿಸಿದಳು. ಮುಂದಿನ ಭಾನುವಾರ ಊಟವಾದ ಮೇಲೆ ಅಪ್ಪನ ಕೈ ಹಿಡಿದು ಕಿಟಕಿಯಿಂದ ಎಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸಿದಳು. ಬೆರಳುಗಳಿಗೆ ಸ್ಟೇರಿಂಗು ಹಿಡಿಸಿದಳು.

"ಬೇಡ ಪುಟ್ಟಿ. ಇನ್ನು ನನ್ನ ಕೈಲಿ..."

"ಒಂದೇ ಒಂದ್ಸಲ. ಮೂರು ಹೊಡೆದು ಸುಮ್ನೆ ಕಾಯಿ. ಎಣಿಸ್ಬೇಡ."

"ಯಾರು ಹೇಳಿದ್ದು ಮೂರು ಅಂತ?"

ಅವಳು ಟಿವಿಯ ಸದ್ದು ಹೆಚ್ಚಿಸಿದಳು. ಅಪ್ಪನ ಹೆಬ್ಬೆರಳು ಗುಂಡಿಯನ್ನು ತಡಕಿ ಹಿಡಿಯಿತು. ಢಣ್. ಢಣ್. ಢಣ್. ಸದ್ದು ನೀರಿನ ಮೇಲೆ ಹೋಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದಿತ್ತು, ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಅಪ್ಪನ ತುಟಿ, ಬೇಡವೆಂದರೂ, ಏನನ್ನೋ ಎಣಿಸುತ್ತಿತ್ತು.

ಆಗ ಮಂಜಿನೊಳಗಿಂದ, ಬಹಳ ದೂರದಿಂದ, ನೀರು ಸೀಳಿದ ಸದ್ದು ಬಂತು.

ಅಪ್ಪ ಬೆರಳೆತ್ತಿದ. "ಶ್! ಅಕ್ಕಾ, ನಲ್ಲಿ ನಿಲ್ಲಿಸು!"

ನಲ್ಲಿ ನಿಂತಿತು. ಎಳೆತ, ನಿಲುಗಡೆ, ಎಳೆತ. ಅಪ್ಪನ ಕತ್ತು ಈಗ ಎಡಕ್ಕೂ ಬಲಕ್ಕೂ ತಿರುಗಲಿಲ್ಲ. ನೇರವಾಗಿ, ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಿದ್ದ. ಕಟ್ಟೆಗೆ ದೋಣಿ ತಾಗಿತು.

"ಬಂತಾ?"

"ಬಂತಪ್ಪ."

"ದೋಣೀಲಿ ಎಷ್ಟು ಜನ?"

"ದೋಣಿಯವನೊಬ್ನೇ. ಮುದುಕ. ನಿನಗೋಸ್ಕರಾನೇ ಬಂದಿದಾನೆ."

"ಒಬ್ಬನಿಗೋಸ್ಕರ!" ಎಂದ ಅಪ್ಪ. ಅವನ ದನಿ ಒಡೆಯಿತು. "ಒಬ್ಬನೇ ಪ್ಯಾಸೆಂಜರ್‌ಗೆ ಅಷ್ಟು ದೂರದಿಂದ ಹುಟ್ಟು ಹಾಕ್ಕೊಂಡು ಬಂದ್ನಾ! ನೋಡು, ಇಲ್ಲ ಅಂದ್ಯಲ್ಲ ನೀನು. ಹತ್ತಿಸು, ಹತ್ತಿಸು ಬೇಗ. ಎಲ್ಲಿ ಒತ್ಲಿ?"

"ಒತ್ತೋದು ಬೇಡ. ಇನ್ನು ತಾನಾಗೇ ಹೋಗತ್ತೆ. ನಾನು ಹೇಳ್ತೀನಿ, ನೀನು ಕೇಳು."

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಿಗೆ ಬಂದಳು. ತಮ್ಮನನ್ನು ನೋಡಿದಳು. ಟಿವಿಯನ್ನು ನೋಡಿದಳು, ಪರದೆಯ ತುಂಬ ಬಿಳಿ ಮಂಜು, ಬರಿಯ ನೀರು, ಖಾಲಿ ಕಟ್ಟೆ. ಮಗಳು ತಿರುಗಿ ಅತ್ತೆಯ ಕಣ್ಣನ್ನೇ ನೋಡಿದಳು. ಒಂದು ಮಾತು, ಅತ್ತೆಯ ಒಂದೇ ಒಂದು ಮಾತು ಸಾಕಾಗಿತ್ತು.

ಅತ್ತೆ ಬಂದು ತಮ್ಮನ ಕಾಲ ಬಳಿ ನೆಲದಲ್ಲಿ ಕೂತಳು. ಗೋಡೆಗೆ ಒರಗಿ, ಕಾಲು ಚಾಚಿ, ಸೆರಗು ಸರಿಮಾಡಿಕೊಂಡಳು.

"ಹೇಳೇ," ಎಂದಳು. "ಆಮೇಲೆ?"

"ಹೊಳೆ ನಡುವೆ ಬಂದಿದೀವಿ," ಎಂದಳು ಮಗಳು. "ಮಂಜು ತೆಳ್ಳಗಾಗ್ತಿದೆ. ಅಗೋ, ಮೆಟ್ಟಿಲು. ಕಲ್ಲಿನ ಮೆಟ್ಟಿಲು, ಹನ್ನೊಂದಿವೆ. ಕೆಳಗಿನ ಎರಡು ನೀರಲ್ಲಿ ಮುಳುಗಿವೆ."

"ಹ್ಞೂಂ," ಎಂದಳು ಅತ್ತೆ.

"ಮೇಲೆ ತಗ್ಗು ಗೋಡೆ. ಗೋಡೆ ಪಕ್ಕದಲ್ಲಿ ದಾರಿ ತಿರುಗತ್ತೆ. ಅಲ್ಲೊಂದು ಮರ, ನೆರಳು ರಸ್ತೆಗೇ ಬಿದ್ದಿದೆ."

"ಹ್ಞೂಂ," ಎಂದ ಅಪ್ಪ. ಅವನ ಬೆರಳುಗಳು ಸಡಿಲವಾಗಿ ಸ್ಟೇರಿಂಗು ಮಡಿಲಿಗೆ ಜಾರಿತು. "ಮನೆ ಕಾಣ್ತಿದ್ಯಾ?"

"ಕಾಣ್ತಿದೆ. ಬಾಗಿಲು ತೆಗೆದಿದೆ. ಯಾರೋ ಹೊಸ್ತಿಲಲ್ಲಿ ಕೂತಿದಾರೆ."

"ಯಾರು?"

ಅವಳು ಉಸಿರೆಳೆದುಕೊಂಡಳು. ಸದ್ದಪ್ಪನ ಸದ್ದು ಮುಗಿದು ಬಹಳ ಹೊತ್ತಾಗಿತ್ತು. ಟಿವಿಯ ಬಿಳಿ ಬೆಳಕು ಮೂವರ ಮುಖದ ಮೇಲೂ ಒಂದೇ ಸಮನಾಗಿ ಬಿದ್ದಿತ್ತು.

"ಹೇಳ್ತೀನಿ ಇರು," ಎಂದಳು. "ಮೊದಲು ಆ ತಿರುವು ದಾಟೋಣ."

ಪರದೆಯ ಮೇಲೆ ಕಡವಿನ ಕಟ್ಟೆಯಲ್ಲಿ ನಿಂತಿದ್ದ ಅಂಚೆಯವನು ಹೆಗಲ ಚೀಲ ಸರಿಮಾಡಿಕೊಂಡ. ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಎಡಗಾಲಿನದನ್ನು ಬಲಗಾಲಿಗೆ.